ಯಾತ್ರಿಕನ ಗೋರಿ

ಸಾಕಣ್ಣನಿಗೆ ದುರಾಸೆ ಎಂದು ಯಾರಾದರೂ ಹೇಳಿದ್ದರೆ ಕೇಳಿದವರು ಬಿದ್ದು ಬಿದ್ದು ನಗುತ್ತಿದ್ದರು. ದರ್ಗಾದ ಹಿಂದಿನ ಖಬರಸ್ತಾನದಲ್ಲಿ ನಲವತ್ತು ವರ್ಷದಿಂದ ಗೋರಿ ತೋಡುತ್ತಿದ್ದವನು ಅವನು. ಸತ್ತವರ ಮನೆಯವರು ಕೂಲಿಯ ಮೇಲೆ ಇನ್ನಷ್ಟು ಕೈಗಿಡಲು ಬಂದರೆ ಅಂಗೈ ಅಡ್ಡ ಹಿಡಿದು "ಸಾಕಣ್ಣಾ, ಸಾಕು" ಎಂದು ಹಿಂದೆ ಸರಿಯುತ್ತಿದ್ದ. ಹಾಗೆ ಅಂದು ಅಂದು ಅವನ ಸ್ವಂತ ಹೆಸರೇ ಅಳಿಸಿಹೋಗಿ, ಊರಿಗೆಲ್ಲ ಸಾಕಣ್ಣನಾಗಿಬಿಟ್ಟ. ಖಬರಸ್ತಾನದ ಗೇಟಿಗೆ ಅಂಟಿಕೊಂಡ ಒಂದೂವರೆ ಕೋಣೆ, ಎರಡು ಜೊತೆ ಬಟ್ಟೆ, ಹಾರೆ, ಗುದ್ದಲಿ, ಸಲಿಕೆ, ಒಬ್ಬಳು ಹೆಂಡತಿ. ಇಷ್ಟೇ ಅವನ ಆಸ್ತಿ. ಹೆಂಡತಿಯನ್ನು ಸಲಿಕೆಯ ಪಕ್ಕದಲ್ಲಿ ಕೂರಿಸಿದ್ದಕ್ಕೆ ನನ್ನನ್ನು ಬೈಯಬೇಡಿ. ಅವನ ಲೆಕ್ಕದಲ್ಲಿ ಅವಳು ಇದ್ದದ್ದು ಅಲ್ಲೇ.

ಕೆಲಸದಲ್ಲಂತೂ ಅವನ ಕಡೆ ಬೆರಳು ತೋರಿಸುವ ಹಾಗೇ ಇರಲಿಲ್ಲ. ಅಲ್ಲಿನ ಮೇಲ್ಮಣ್ಣು ಎರಡು ಮೊಳದವರೆಗೆ ಹಾರೆಗೂ ಜಗ್ಗದಷ್ಟು ಗಟ್ಟಿ. ಅದನ್ನು ಒಡೆದು ಎದೆಮಟ್ಟ ಇಳಿದ ಮೇಲೆ, ನಮಾಜಿಗೆ ಮುಖ ಮಾಡುವ ದಿಕ್ಕಿನ ಬದಿಯಲ್ಲಿ, ಒಬ್ಬರು ಮಗ್ಗುಲಾಗಿ ಮಲಗುವಷ್ಟು ಗೂಡು ಕೊರೆಯಬೇಕು. ಹೆಣವನ್ನು ಆ ಗೂಡಿನೊಳಗೆ ಸರಿಸಿ, ಹಸಿ ಇಟ್ಟಿಗೆಯಿಂದ ಬಾಯಿ ಮುಚ್ಚಿ, ಆಮೇಲೆ ಗುಂಡಿಗೆ ಮಣ್ಣು ತುಂಬುವುದು. ಸತ್ತವರ ಮೈಮೇಲೆ ಒಂದು ಹಿಡಿ ಮಣ್ಣೂ ಬೀಳಬಾರದು. ಗೂಡು ಮುಗಿದ ಮೇಲೆ ಸಾಕಣ್ಣ ತಾನೇ ಅದರೊಳಗೆ ತೂರಿಕೊಂಡು ಮಲಗಿ ನೋಡುತ್ತಿದ್ದ. ಭುಜಕ್ಕೆ ಕಲ್ಲು ಒತ್ತುತ್ತದೆಯೇ, ಕಾಲು ಚಾಚಲು ಬರುತ್ತದೆಯೇ ಎಂದು ಪರೀಕ್ಷೆ. ಅರ್ಧ ಊರಿನವರ ಗೋರಿಗಳಲ್ಲಿ ಅವರಿಗಿಂತ ಮೊದಲು ಅವನೇ ಮಲಗಿ ಎದ್ದಿದ್ದ. "ಊರಿನವರ ಹಾಸಿಗೆಯೆಲ್ಲ ಸರಿ ಮಾಡಿ ಬರ್ತೀರಿ, ಮನೆಗೆ ಬಂದು ನೀವು ಮಾತ್ರ ಬರೀ ನೆಲದ ಮೇಲೆ ಉರುಳ್ತೀರಿ" ಎಂದು ಹೆಂಡತಿ ರೇಗಿಸುತ್ತಿದ್ದಳು.

ಆದರೆ ಹಾಗೆ ಮಲಗಿ ಎದ್ದವನಿಗೇ ಗೊತ್ತು ಆ ಕತ್ತಲೆ ಎಂಥದ್ದು ಎಂದು. ನಮ್ಮ ನಿಮ್ಮಂಥವರು ಸಾವಿನ ಮಾತು ಬಂದರೆ ಹೂಂಗುಟ್ಟಿ ಟೀ ಕುಡಿಯಲು ಹೋಗುತ್ತೇವೆ. ಸಾಕಣ್ಣನ ಮೂಗಿಗೆ ಆ ಹಸಿ ಮಣ್ಣಿನ ವಾಸನೆ ಅಂಟಿಕೊಂಡೇ ಇರುತ್ತಿತ್ತು. ಇಟ್ಟಿಗೆ ಮುಚ್ಚಿದ ಮೇಲೆ ಇಬ್ಬರು ದೇವದೂತರು ಬಂದು ಎಬ್ಬಿಸಿ ಕೂರಿಸಿ, ಏನು ಮಾಡಿದೆ, ಯಾರನ್ನು ನಂಬಿದೆ ಎಂದು ಕೇಳುತ್ತಾರಲ್ಲ, ಆ ಗಳಿಗೆಯನ್ನು ನೆನೆಸಿದರೆ ಅವನ ಕೈಕಾಲು ತಣ್ಣಗಾಗುತ್ತಿದ್ದವು. ಸಂತರ ಗುಮ್ಮಟದ ನೆರಳು ಬೀಳುವಲ್ಲಿ ಮಲಗಿದವರಿಗೆ ಆ ಪ್ರಶ್ನೆಗಳು ಹಗುರ ಎಂದು ಊರಿನ ನಂಬಿಕೆ. ಸಂತರೇ ಎದ್ದು ಬಂದು ಪಕ್ಕದಲ್ಲಿ ನಿಲ್ಲುತ್ತಾರಂತೆ, ಇವನು ನಮ್ಮವನು ಎನ್ನುತ್ತಾರಂತೆ. ಆ ನೆರಳಿನಲ್ಲಿ ಒಂದು ಜಾಗ, ಒಂದೇ ಒಂದು ಜಾಗ ಸಾಕಣ್ಣನಿಗೆ ಬೇಕಾಗಿತ್ತು. ಬೇರೆ ಯಾವುದಕ್ಕೂ ಅವನು ಕೈ ಚಾಚದಿದ್ದುದಕ್ಕೆ ಕಾರಣ, ಅವನ ಎರಡೂ ಕೈ ಅದನ್ನು ಹಿಡಿದುಕೊಂಡಿದ್ದುದು.

ಆ ಜಾಗದ ಕಥೆ ಹೀಗೆ. ಇಪ್ಪತ್ತನಾಲ್ಕು ವರ್ಷದ ಹಿಂದೆ ಅವನ ಒಬ್ಬನೇ ಮಗ, ಮೂರು ವರ್ಷದವನು, ನಾಲ್ಕು ದಿನದ ಜ್ವರದಲ್ಲಿ ಹೋದ. ಆಗ ದರ್ಗಾ ನೋಡಿಕೊಳ್ಳುತ್ತಿದ್ದ ಹಿರಿಯರು ಮರುಗಿ, ಸಂತರ ಗುಮ್ಮಟದ ಗೋಡೆಯಿಂದ ನಾಲ್ಕು ಹೆಜ್ಜೆ ಈಚೆಗೆ, ಕಲ್ಲುಹಾಸಿನ ಕಾಲುದಾರಿಯ ಅಂಚಿಗೆ, ಮಗುವಿಗೆ ಜಾಗ ಕೊಟ್ಟರು. ಮಗುವಿನ ಗೋರಿಗೂ ಗೋಡೆಗೂ ನಡುವೆ ಉಳಿದದ್ದು ಒಬ್ಬರು ಮಲಗುವಷ್ಟು ನೆಲ. ಅದು ಸಾಕಣ್ಣನ ಕಣ್ಣಿಗೆ ಬಿತ್ತು. ದರ್ಗಾ ಕಮಿಟಿಯವರು ಅದನ್ನು ಯಾರೋ ದೊಡ್ಡವರಿಗೆ ಕೊಡುವ ಮಾತಾಡುತ್ತಿದ್ದುದೂ ಕಿವಿಗೆ ಬಿತ್ತು. ತಿಂಗಳು ತುಂಬುವುದರೊಳಗೆ ಹೊಳೆಯಲ್ಲಿ ದೋಣಿ ಮಗುಚಿ, ವಾರಸುದಾರರಿಲ್ಲದ ಐದು ಹೆಣಗಳನ್ನು ಆಸ್ಪತ್ರೆಯ ವ್ಯಾನಿನಲ್ಲಿ ತಂದು ಇಳಿಸಿದರು. ಐದನ್ನೂ ಆಚೆ ಮೂಲೆಯಲ್ಲಿ ಮಣ್ಣು ಮಾಡಿದ ಸಾಕಣ್ಣ, ಕಮಿಟಿಗೆ ಆರು ಅಂದ.

"ಆರನೆಯವನ ಮುಷ್ಟಿಯಲ್ಲಿ ಜಪಮಾಲೆ ಇತ್ತು. ಇಲ್ಲಿಗೇ ಯಾತ್ರೆ ಬರ್ತಿದ್ದನೋ ಏನೋ, ಪಾಪ. ಅದಕ್ಕೇ ಸಂತರ ಪಕ್ಕದಲ್ಲಿ ಮಲಗಿಸಿಬಿಟ್ಟೆ. ತಪ್ಪಾಗಿದ್ರೆ ಬೈದುಬಿಡಿ" ಅಂದ. ಬೈಯುವುದಿರಲಿ, ಕೇಳಿದವರ ಕಣ್ಣಲ್ಲಿ ನೀರು ಬಂತು.

ಅಲ್ಲಿ ಯಾವ ಯಾತ್ರಿಕನೂ ಇರಲಿಲ್ಲ. ಶುಕ್ರವಾರ ಮಧ್ಯಾಹ್ನ, ಊರಿನ ಗಂಡಸರೆಲ್ಲ ಮಸೀದಿಯಲ್ಲಿ ಸಾಲಾಗಿ ನಿಂತಿದ್ದಾಗ, ಗಂಡ ಹೆಂಡತಿ ಸೇರಿ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ಆ ನೆಲದ ಮೇಲೆ ದಿಬ್ಬ ಕಟ್ಟಿದ್ದರು. ಅವಳು ಮಗುವನ್ನು ಕಳೆದುಕೊಂಡು ತಿಂಗಳೂ ಆಗದ ತಾಯಿ. ಯಾಕೆ ಎಂದು ಅವಳು ಕೇಳಲಿಲ್ಲ, ಇವನು ಹೇಳಲಿಲ್ಲ. ಮೂವತ್ತು ವರ್ಷ ತುಂಬದ ಗೋರಿಯನ್ನು ಯಾರಿಗಾಗಿಯೂ ತೆರೆಯುವ ಹಾಗಿಲ್ಲ ಎಂಬುದು ಅಲ್ಲಿನ ಕಟ್ಟಳೆ. ಅದಾದ ಮೇಲೆ ಬೇಕಾದರೆ ಹಳೆಯ ಮೂಳೆಗಳನ್ನು ಮರ್ಯಾದೆಯಿಂದ ಒಂದು ಬದಿಗೆ ಸರಿಸಿ ಹೊಸಬರನ್ನು ಮಲಗಿಸಬಹುದು. ಹಾಗಾಗಿ ಆ ಸುಳ್ಳು ಯಾತ್ರಿಕ ಮೂವತ್ತು ವರ್ಷ ಜಾಗ ಕಾಯುತ್ತಾನೆ, ತನಗೆ ಸಾವು ಹತ್ತಿರವಾದಾಗ ಮೌಲವಿಗಳ ಕಿವಿಯಲ್ಲಿ ನಿಜ ಹೇಳಿ, ಕ್ಷಮೆ ಕೇಳಿ, ಅಲ್ಲಿ ಮಲಗುವುದು ಎಂದು ಸಾಕಣ್ಣ ಲೆಕ್ಕ ಹಾಕಿದ್ದ. ಸಾಯುತ್ತಿರುವವನ ಮಾತನ್ನು ಯಾರು ತಳ್ಳಿಹಾಕುತ್ತಾರೆ? ಪ್ರತಿ ವರ್ಷ ಮಳೆ ನಿಂತ ಮೇಲೆ ದಿಬ್ಬಕ್ಕೆ ಹೊಸ ಮಣ್ಣು ಹಾಕಿ, ಅಂಗೈಯಿಂದ ತಟ್ಟಿ ನುಣ್ಣಗೆ ಮಾಡುತ್ತಿದ್ದ. ಹೆಂಡತಿ ನೀರು ತಂದು ಚಿಮುಕಿಸುತ್ತಿದ್ದಳು.

ಅವಳು ದರ್ಗಾದ ಅಂಗಳ ಗುಡಿಸುತ್ತಿದ್ದಳು. ಐವತ್ತೆಂಟು ವರ್ಷ, ಎತ್ತರದ ಗಟ್ಟಿ ಹೆಂಗಸು. ಒಂದು ಬೇಸಿಗೆಯಲ್ಲಿ ಹೊಟ್ಟೆ ಊದಿಕೊಳ್ಳತೊಡಗಿತು, ಕಣ್ಣು ಹಳದಿಯಾಯಿತು. ದೊಡ್ಡಾಸ್ಪತ್ರೆಯ ಡಾಕ್ಟರು ಎರಡು ಸಲ ಹೊಟ್ಟೆಯ ನೀರು ತೆಗೆದು, ಮೂರನೆಯ ಸಲ ಸಾಕಣ್ಣನನ್ನು ವರಾಂಡಕ್ಕೆ ಕರೆದು, "ಮನೆಗೆ ಕರ್ಕೊಂಡು ಹೋಗಿ, ಇಷ್ಟವಾದದ್ದು ಮಾಡಿಕೊಡಿ" ಅಂದರು. ಡಾಕ್ಟರು ಹಾಗಂದರೆ ಏನರ್ಥ ಎಂದು ಗೋರಿ ತೋಡುವವನಿಗೆ ಬಿಡಿಸಿ ಹೇಳಬೇಕೇ?

ಮನೆಗೆ ಬಂದ ಮೂರನೆಯ ದಿನ ಅವಳು ಗೋಡೆಗೆ ಒರಗಿ ಕೂತು ಅವನನ್ನು ಕರೆದಳು.

"ಒಂದು ಮಾತು ರೀ. ಈ ಮನೇಲಿ ನಾನು ನಿಮ್ಮನ್ನ ಏನಾದ್ರೂ ಕೇಳಿದೀನಾ? ಒಂದು ಬಳೆ ಕೇಳಿದೀನಾ?"

"ಇಲ್ಲ ಕಣೇ. ಯಾಕೀಗ ಅದೆಲ್ಲ?"

"ಈಗ ಕೇಳ್ತೀನಿ. ನನ್ನ ಮಗು ಪಕ್ಕದಲ್ಲಿ ಮಲಗಿಸಿ. ಆ ಜಾಗ ನೀವು ನನಗೋಸ್ಕರವೇ ಹಿಡಿದಿಟ್ಟಿದೀರಿ ಅಂತ ನಂಗೊತ್ತು. ಬಾಯಿ ಬಿಟ್ಟು ಹೇಳ್ಲಿಲ್ಲ ನೀವು, ಆದ್ರೂ ಗೊತ್ತು. ಇಪ್ಪತ್ತನಾಲ್ಕು ವರ್ಷ ನಾನು ಆ ದಿಬ್ಬಕ್ಕೆ ನೀರು ಹಾಕಿದ್ದು ಅದೇ ಧೈರ್ಯದ ಮೇಲೆ. ಎಷ್ಟೋ ದಿನ ಅವನ ಕಡೆ ತಿರುಗಿ, ತಡ್ಕೋ ಮಗನೇ, ಅಮ್ಮ ಪಕ್ಕಕ್ಕೇ ಬರ್ತಾಳೆ ಅಂತ ಹೇಳಿ ಬಂದಿದೀನಿ."

ಇಷ್ಟು ವರ್ಷ ಇಬ್ಬರೂ ಒಂದೇ ದಿಬ್ಬವನ್ನು ತಟ್ಟಿದ್ದರು, ಇವನು ತನಗೆಂದು, ಅವಳು ತನಗೆಂದು. ಅವಳ ಮುಖ ನೋಡಲಾಗದೆ ಒಲೆಯ ಕಡೆ ನೋಡುತ್ತ "ಆಯ್ತು" ಅಂದ.

"ಮಾತು ಕೊಟ್ಟಂಗಾಯ್ತಾ?"

"ಆಯ್ತು ಅಂದ್ನಲ್ಲ."

ಅವಳು ನಕ್ಕಳು. ಹಳದಿ ಕಣ್ಣಿನ ಆ ನಗುವನ್ನು ಅವನಿಂದ ನೋಡಲಾಗಲಿಲ್ಲ, ಸಲಿಕೆ ತೆಗೆದುಕೊಂಡು ಹೊರಗೆ ಹೋದ. ಅವತ್ತು ತೋಡಬೇಕಾದ ಗೋರಿ ಯಾವುದೂ ಇರಲಿಲ್ಲ.

ಗುರುವಾರ ಸಂಜೆ ದರ್ಗಾದ ಅಂಗಳದಲ್ಲಿ ಮೌಲವಿಗಳು ಪಾಠ ಹೇಳುತ್ತಿದ್ದರು. ಎಂಬತ್ತರ ಮುದುಕರು, ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡಿದ್ದರು. ಧರ್ಮಗ್ರಂಥದ ಒಂದು ಮಾತು ಎತ್ತಿಕೊಂಡು, ಅದಕ್ಕೆ ಫಾರಸಿ ಸೂಫಿಗಳ ಕವಿತೆಯ ಅರ್ಥ ಜೋಡಿಸಿ, ನಡುನಡುವೆ ಮಕ್ಕಳನ್ನು ಗದರಿಸುತ್ತ, ಕೆಮ್ಮುತ್ತ ಹೇಳುತ್ತಿದ್ದರು. ಆ ವಾರ ಅವರು ಎತ್ತಿಕೊಂಡದ್ದು ದುರಾಸೆಯನ್ನು. ಸಾಕಣ್ಣ ಯಾವತ್ತಿನಂತೆ ಚಪ್ಪಲಿ ಬಿಡುವ ಜಾಗದ ಹತ್ತಿರ ಕೂತಿದ್ದ.

"ರಾಶಿ ಹಾಕಿ ಎಣಿಸ್ತಾ ಕೂತವನನ್ನ ಗ್ರಂಥ ಎಚ್ಚರಿಸುತ್ತೆ" ಎಂದರು ಮೌಲವಿಗಳು. "ಇನ್ನೂ ಬೇಕು, ಇನ್ನೂ ಬೇಕು ಅನ್ನೋ ಹುಚ್ಚು ಗೋರಿ ಸೇರೋವರೆಗೂ ಬಿಡಲ್ಲ ಅನ್ನುತ್ತೆ. ನೀವೆಲ್ಲ ಏನಂದ್ಕೊಂಡ್ರಿ? ಇದು ಅಂಗಡಿಯವರಿಗೆ ಹೇಳಿದ್ದು, ನಮ್ಮ ಹತ್ರ ಏನಿದೆ ಅಂತ ಅಲ್ವಾ? ಆ ಸೂಫಿಗಳು ಬಲು ಬುದ್ಧಿವಂತರು ಕಣ್ರಪ್ಪ. ದುರಾಸೆಯನ್ನ ಗಲ್ಲಾಪೆಟ್ಟಿಗೆಯಿಂದ ಓಡಿಸಿದ್ರೆ ಅದು ಹೋಗಿ ನಮಾಜಿನ ಚಾಪೆ ಮೇಲೆ ಕೂರುತ್ತೆ ಅಂದ್ರು. ಸ್ವರ್ಗ ಸಿಗಲಿ ಅಂತ ಒಳ್ಳೇದು ಮಾಡೋನೂ ಒಂಥರಾ ವ್ಯಾಪಾರಿಯೇ, ಸರಕು ಬೇರೆ ಅಷ್ಟೆ ಅಂದ್ರು. ದುರಾಸೆ ಇರೋನಿಗೆ ಕಣ್ಣು ಕಾಣಿಸಲ್ಲ. ಅವನಿಗೆ ಬೇಕಾದ ಆ ಒಂದು ವಸ್ತು ಕಾಣಿಸುತ್ತೆ. ಪಕ್ಕದಲ್ಲಿ ನಿಂತ ಮನುಷ್ಯ ಕಾಣಿಸಲ್ಲ."

ಸಾಕಣ್ಣ ತಲೆ ತಗ್ಗಿಸಿದ. ಆಗ ನೋಡಿ, ಮುದುಕರು ಕನ್ನಡಕ ಸರಿ ಮಾಡಿಕೊಂಡು ಅವನ ಕಡೆಗೇ ಕೈ ತೋರಿಸಿದರು.

"ದುರಾಸೆ ಗೆದ್ದವನು ಹೇಗಿರ್ತಾನೆ ಅಂತ ನೋಡ್ಬೇಕಾದ್ರೆ ಕವಿತೆ ಓದ್ಬೇಕಾಗಿಲ್ಲ. ಅಗೋ, ಚಪ್ಪಲಿ ಹತ್ರ ಕೂತಿದಾನೆ."

ಜನ ತಿರುಗಿ ನೋಡಿದರು. ಯಾರೋ ಒಬ್ಬರು ಸರಿದು ಮುಂದೆ ಬಾ ಎಂದು ಜಾಗ ಬಿಟ್ಟರು. ಸಾಕಣ್ಣನ ಕಿವಿ ಬಿಸಿಯಾಯಿತು. ನಾಚಿಕೆಯಿಂದ ಎಂದುಕೊಂಡರು ಜನ. ಅದು ನಾಚಿಕೆಯೇ, ಅವರು ಅಂದುಕೊಂಡ ಥರದ್ದಲ್ಲ ಅಷ್ಟೆ.

ಎಲ್ಲರೂ ಎದ್ದು ಹೋದ ಮೇಲೆ ಅವನು ಮೌಲವಿಗಳ ಚಾಪೆ ಮಡಿಸುತ್ತ ಕೇಳಿದ: "ಗುರುಗಳೇ, ಸಂತರ ಪಕ್ಕದಲ್ಲೇ ಮಲಗ್ಬೇಕು ಅಂತ ಯಾರಿಗಾದ್ರೂ ಆಸೆ ಇದ್ರೆ, ಅದೂ ದುರಾಸೆಯೇನು?"

"ಅದು ಪ್ರೀತಿ ಕಣಪ್ಪ. ಅಂಥ ಆಸೆ ನಂಗೂ ಉಂಟು" ಎಂದರು ಮುದುಕರು. ಕೋಲು ಹುಡುಕಿಕೊಂಡು, ಎರಡು ಮೆಟ್ಟಿಲು ಇಳಿದು, ಹಿಂದಿರುಗಿ ನೋಡಿ ಸೇರಿಸಿದರು: "ಇನ್ನೊಬ್ಬರ ಪಾಲಿನದನ್ನ ಕಿತ್ಕೊಂಡು ಮಲಗಿದ್ರೆ ಮಾತ್ರ ಅದರ ಹೆಸರು ಬೇರೆ."

ಸಾಕಣ್ಣ ಮೊದಲನೆಯ ಮಾತನ್ನು ಜೋಪಾನವಾಗಿ ಮನೆಗೆ ತೆಗೆದುಕೊಂಡು ಹೋದ. ಎರಡನೆಯದನ್ನು ಆ ಮೆಟ್ಟಿಲ ಮೇಲೇ ಬಿಟ್ಟ. ಮನುಷ್ಯನ ಕಿವಿ ಎಂಥ ಕಳ್ಳ ನೋಡಿ!

ಆಮೇಲಿನ ಎರಡು ವಾರ ಅವನು ಹೆಂಡತಿಯ ಸೇವೆ ಮಾಡಿದ, ಇಲ್ಲವೆನ್ನುವ ಹಾಗಿಲ್ಲ. ಗಂಜಿ ಕುಡಿಸಿದ, ಬೆನ್ನು ಒರೆಸಿದ, ಬಟ್ಟೆ ಒಗೆದ. ಆದರೆ ಅವಳ ಕಾಲು ಒತ್ತುತ್ತ ಕೂತಾಗಲೂ ತಲೆಯೊಳಗೆ ಒಂದು ವ್ಯಾಜ್ಯ ನಡೆಯುತ್ತಲೇ ಇತ್ತು, ವಾದಿಯೂ ಅವನೇ, ಜಡ್ಜೂ ಅವನೇ. ಇವಳು ಯಾರಿಗೆ ಏನು ಕೆಡುಕು ಮಾಡಿದ್ದಾಳೆ? ದೇವದೂತರು ಬಂದರೆ ಇವಳನ್ನು ಎರಡು ಮಾತು ಕೇಳಿ ಬಿಟ್ಟುಬಿಡುತ್ತಾರೆ. ಇವಳು ಎಲ್ಲಿ ಮಲಗಿದರೂ ಒಂದೇ. ನನ್ನ ಗತಿ ಹಾಗಲ್ಲ. ಇಲ್ಲದ ಹೆಣವೊಂದನ್ನು ಹುಟ್ಟಿಸಿ, ಇಪ್ಪತ್ತನಾಲ್ಕು ವರ್ಷ ಸಂತರ ಕಣ್ಣೆದುರಿಗೇ ಸುಳ್ಳು ನಡೆಸಿದವನು ನಾನು. ಆ ನೆರಳು ಬೇಕಾಗಿರುವುದು ನನಗೆ. ಆ ಜಾಗ ಹಿಡಿಯಲು ಮಾಡಿದ ಪಾಪಕ್ಕೆ ಆ ಜಾಗವೇ ಮದ್ದು ಎಂದು ಅವನು ತೀರ್ಪು ಬರೆದುಕೊಂಡ. ಹೀಗೆ ಯೋಚಿಸುವವನ ಕಪಾಳಕ್ಕೆ ಎರಡು ಬಿಡಬೇಕು ಅನ್ನಿಸುತ್ತದೆ ನನಗೆ. ಆದರೆ ಅವನು ನಿಜವಾಗಿ ಹೆದರಿದ್ದ, ಅದನ್ನೂ ಹೇಳಬೇಕು. ಹೆದರಿಕೆಯಲ್ಲಿ ಅವನಿಗೆ ಊಟ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ, ಹಾಲಿನವನು ಬಂದು ಹೋದ ಹೊತ್ತಿಗೆ, ಅವಳು ಹೋದಳು. ಕೊನೆಯಲ್ಲಿ ಮಾತು ಇರಲಿಲ್ಲ. ಅವನ ಹೆಬ್ಬೆರಳನ್ನು ಹಿಡಿದುಕೊಂಡಿದ್ದಳು, ಬಿಡಿಸಿಕೊಳ್ಳಲು ಸ್ವಲ್ಪ ಕಷ್ಟವಾಯಿತು.

ಅವಳ ತಂಗಿ ಎರಡು ಬೀದಿ ಆಚೆಯಿಂದ ಓಡಿ ಬಂದಳು. ಬಟ್ಟೆ ಹೊಲಿಯುವವಳು, ಗಂಡ ತೀರಿಕೊಂಡು ಒಬ್ಬಳೇ ಇದ್ದಳು, ನಾಲಗೆ ಸ್ವಲ್ಪ ಚೂಪು. ಬೀದಿಯ ಹೆಂಗಸರೊಂದಿಗೆ ಸೇರಿ ಅಕ್ಕನ ಮೈ ತೊಳೆದಳು, ಬಿಳಿ ಬಟ್ಟೆಯನ್ನು ಅಳೆದು ಕತ್ತರಿಸಿದಳು. ಸಾಕಣ್ಣ ಬಾಗಿಲಿಗೆ ಬಂದಾಗ ಒಮ್ಮೆ ತಲೆ ಎತ್ತಿ, "ಭಾವ, ಅಕ್ಕ ಹೇಳಿದ್ದು ನೆನಪಿದೆಯಲ್ಲ?" ಎಂದಳು. ಅವನು ಹೂಂ ಎಂದ.

ಹೊರಗೆ ಗಂಡಸರು ಸೇರಿದ್ದರು. ಕಮಿಟಿಯ ಅಧ್ಯಕ್ಷರು ಕಬ್ಬಿಣದಂಗಡಿಯ ಯಜಮಾನರು, ದಪ್ಪ ಮೈ, ಮೆತ್ತನೆ ಮನಸ್ಸು. ಅವರು ಸಾಕಣ್ಣನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದರು.

"ಎಲ್ಲಿ ತೋಡ್ತೀಯಪ್ಪ?"

"ಎಲ್ಲಿದೆ ಜಾಗ? ಆಚೆ ಕಾಂಪೌಂಡಿನ ಹತ್ರ ಎರಡೋ ಮೂರೋ ಉಳಿದಿದೆ."

"ಚರಂಡಿ ಪಕ್ಕದಲ್ಲಾ?" ಅಧ್ಯಕ್ಷರು ಮುಖ ಕಿವುಚಿದರು. ಕಾಂಪೌಂಡಿನಾಚೆ ಬಣ್ಣದ ಕಾರ್ಖಾನೆಯ ನೀರು ಹರಿಯುತ್ತಿತ್ತು, ಆ ಕಡೆಯ ಮಣ್ಣು ಯಾವಾಗಲೂ ಒದ್ದೆ. "ಬೇಡ. ನಾವು ಈಗಷ್ಟೇ ಮಾತಾಡಿಕೊಂಡ್ವಿ. ನಿನ್ನ ಮಗೂ ಪಕ್ಕದಲ್ಲಿ ಆ ಯಾತ್ರಿಕನ ಗೋರಿ ಇದೆಯಲ್ಲ, ಅದನ್ನ ತೆರಿ. ಮೂವತ್ತಕ್ಕೆ ಇನ್ನು ಆರೇ ವರ್ಷ ಬಾಕಿ. ಅವನಿಗೆ ಹಿಂದಿಲ್ಲ ಮುಂದಿಲ್ಲ, ಕೇಳೋರು ಯಾರೂ ಬರಲ್ಲ. ನಲವತ್ತು ವರ್ಷ ದುಡಿದಿದೀಯ, ಒಂದು ದಿನ ಏನೂ ಕೇಳಿದೋನಲ್ಲ. ನಿನಗೋಸ್ಕರ ಇಷ್ಟೂ ಮಾಡದಿದ್ರೆ ನಾವ್ಯಾಕಿರ್ಬೇಕು? ನೀನೇ ತೋಡು, ಬೇರೆ ಯಾರೂ ಅತ್ತ ಬರಲ್ಲ."

ನೋಡಿದಿರಾ? ಸುಳ್ಳೂ ಹೊರಗೆ ಬೀಳದ ಹಾಗೆ, ಮಾತೂ ಉಳಿಯುವ ಹಾಗೆ, ಬಾಗಿಲು ಅಗಲವಾಗಿ ತೆರೆದು ಕೊಟ್ಟಿದ್ದರು. ಒಬ್ಬನೇ ಹೋಗಿ ತೋಡಿ, ಮೂಳೆ ಮಣ್ಣಾಗಿದೆ ಎಂದರೆ ಮುಗಿಯಿತು. ಹೂಂ ಎನ್ನುವ ಒಂದು ಸದ್ದು ಸಾಕಿತ್ತು. ಒಳಗೆ ಬಿಳಿ ಬಟ್ಟೆ ಹರಿಯುವ ಶಬ್ದ ಕೇಳಿಸುತ್ತಿತ್ತು. ಸಾಕಣ್ಣನ ಗಂಟಲವರೆಗೆ ಆ ಹೂಂ ಬಂತು. ಅಷ್ಟರಲ್ಲಿ ಇನ್ನೊಂದು ದೃಶ್ಯ ಕಣ್ಣಿಗೆ ಕಟ್ಟಿತು: ಚರಂಡಿಯ ಪಕ್ಕದ ಒದ್ದೆ ಗೂಡು, ಅದರಲ್ಲಿ ತಾನು, ಪಕ್ಕದಲ್ಲಿ ನಿಲ್ಲುವವರು ಯಾರೂ ಇಲ್ಲ.

"ಬೇಡ" ಅಂದ.

"ಏನಪ್ಪ ಹಾಗಂದ್ರೆ?"

"ಕಟ್ಟಳೆ ಎಲ್ರಿಗೂ ಒಂದೇ ಯಜಮಾನ್ರೇ. ನನ್ನ ಹೆಂಡ್ತಿ ಅಂತ ಒಬ್ಬ ಅನಾಥನನ್ನ ಎಬ್ಬಿಸ್ಲಾ? ಅವನಿಗೆ ಅಲ್ಲಿ ಜಾಗ ಕೊಟ್ಟೋನು ನಾನೇ. ಕೊಟ್ಟಿದ್ದನ್ನ ಕಿತ್ಕೊಳ್ಳೋದು ನನ್ನ ಕೈಲಾಗಲ್ಲ."

ಅಧ್ಯಕ್ಷರು ಟೋಪಿ ತೆಗೆದು ಕಣ್ಣೊರೆಸಿಕೊಂಡರು. ಹಿಂದೆ ನಿಂತಿದ್ದ ಮೌಲವಿಗಳು ಕೋಲೂರಿಕೊಂಡು ಬಂದು ಅವನ ಹಣೆಗೆ ಮುತ್ತಿಟ್ಟರು. ಮುದುಕರ ಗಡ್ಡ ಒದ್ದೆಯಾಗಿತ್ತು. ಆ ಗಡ್ಡದ ತಣ್ಣನೆ ತಾಗಿದಾಗ ಸಾಕಣ್ಣನಿಗೆ ಅಲ್ಲೇ ಕುಸಿದು ಎಲ್ಲ ಹೇಳಿಬಿಡಬೇಕು ಅನ್ನಿಸಿತು. ಹೇಳಲಿಲ್ಲ. ಹಾರೆ ತೆಗೆದುಕೊಂಡು ಕಾಂಪೌಂಡಿನ ಕಡೆ ನಡೆದ.

ತೋಡುವುದರಲ್ಲಿ ಅವನು ಕೊರತೆ ಮಾಡಲಿಲ್ಲ. ಒದ್ದೆ ಮಣ್ಣು ಕುಸಿಯದ ಹಾಗೆ ಹಲಗೆ ಕೊಟ್ಟ, ಗೂಡಿನ ನೆಲವನ್ನು ಕೈಯಿಂದ ಸವರಿ ಹರಳುಗಳನ್ನು ಆರಿಸಿ ತೆಗೆದ. ಅವಳು ಎತ್ತರದವಳು ಎಂದು ಒಂದು ಗೇಣು ಹೆಚ್ಚಿಗೆ ಕೊರೆದ. ಆಮೇಲೆ ಯಾವತ್ತಿನ ಹಾಗೆ ಒಳಗೆ ಮಲಗಿ ನೋಡಿದ. ಕಿವಿ ಮಣ್ಣಿಗೆ ತಾಗಿದಾಗ ಆಚೆಯ ಚರಂಡಿ ಹರಿಯುವುದು ಕೇಳಿಸಿತು. ಅವನು ಒಳಗೇ ಅತ್ತ, ಬಾಯಿಗೆ ತೋಳು ಅಡ್ಡ ಹಿಡಿದು ಅತ್ತ. ಆಗಲೂ ಎದ್ದು ಬಂದು "ಅಲ್ಲಿ ಬೇಡ, ಮಗೂ ಪಕ್ಕದಲ್ಲಿ" ಎಂದು ಹೇಳಲು ಇನ್ನೂ ಒಂದು ಗಂಟೆ ಹೊತ್ತಿತ್ತು. ಹೇಳಲಿಲ್ಲ.

ಹೆಂಗಸರು ಮಣ್ಣಿಗೆ ಬರುವ ರೂಢಿ ಅಲ್ಲಿರಲಿಲ್ಲ. ಗಂಡಸರು ಮುಗಿಸಿಕೊಂಡು ಬಂದಾಗ ತಂಗಿ ಉಳಿದ ಬಟ್ಟೆಯನ್ನು ಮಡಿಸುತ್ತ ಕೂತಿದ್ದಳು. ಪಕ್ಕದ ಮನೆಯಾಕೆ ಮೂಗು ಒರೆಸಿಕೊಳ್ಳುತ್ತ ಬಂದು ಅವಳ ಕೈ ಹಿಡಿದುಕೊಂಡಳು. "ಎಂಥಾ ಮನುಷ್ಯನಮ್ಮ ನಿನ್ನ ಭಾವ! ಅಧ್ಯಕ್ಷರೇ ಆ ಯಾತ್ರಿಕನ ಜಾಗ ತಗೋ ಅಂದ್ರೂ ಬೇಡ ಅಂದ್ರಂತೆ. ಸ್ವಂತ ಹೆಂಡ್ತೀನ ಚರಂಡಿ ಪಕ್ಕ ಮಲಗಿಸಿ ಬಂದ್ರಂತೆ, ಒಬ್ಬ ಅನಾಥನಿಗೋಸ್ಕರ."

ತಂಗಿಯ ಕೈ ನಿಂತಿತು. ತಲೆ ಎತ್ತಿ ಬಾಗಿಲಲ್ಲಿ ನಿಂತ ಭಾವನನ್ನು ನೋಡಿದಳು. ಆ ಗೋರಿ ಬರಿದೆಂದು ಅವಳಿಗೆ ಗೊತ್ತಿದೆ ಎಂದು ಸಾಕಣ್ಣನಿಗೆ ಆ ಕ್ಷಣವೇ ತಿಳಿಯಿತು. ಕತ್ತರಿ, ದಾರ, ಬಟ್ಟೆ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು, ಅವನ ಪಕ್ಕದಿಂದಲೇ ಹಾದು, ಅವಳು ಹೊರಟುಹೋದಳು.

ಇನ್ನು ಊರು ಸುಮ್ಮನಿರುತ್ತದೆಯೇ? ಮೌಲವಿಗಳು ಮುಂದಿನ ಗುರುವಾರ ಈ ಮಾತನ್ನೇ ಪಾಠ ಮಾಡಿದರು. ಅದು ಕಿವಿಯಿಂದ ಕಿವಿಗೆ ಹಬ್ಬಿ, ದೂರದವರು ಬಂದು ಸಾಕಣ್ಣನ ಕೈಯನ್ನು ಕಣ್ಣಿಗೊತ್ತಿಕೊಳ್ಳತೊಡಗಿದರು. ಹಾಗೆಯೇ, ಅವನನ್ನು ನೋಡಲು ಬಂದವರು ಆ ಯಾತ್ರಿಕನ ಗೋರಿಗೂ ಹೋಗಿ ಹೂವಿಟ್ಟರು. ಎರಡು ತಿಂಗಳಲ್ಲಿ ಕಮಿಟಿ ಸೇರಿ ಒಂದು ತೀರ್ಮಾನ ಮಾಡಿತು. ಅಧ್ಯಕ್ಷರು ಅದನ್ನು ಸ್ವತಃ ಹೇಳಲು ಮಿಠಾಯಿಯ ಪೊಟ್ಟಣ ಹಿಡಿದು ಅವನ ಕೋಣೆಗೆ ಬಂದರು.

"ನಿನ್ನ ತ್ಯಾಗ ವ್ಯರ್ಥ ಆಗ್ಬಾರದು ಕಣಪ್ಪ. ನಾವು ಹೋದ ಮೇಲೆ ಬರೋ ಕಮಿಟಿ ಆ ಬಡಪಾಯಿನ ಎಬ್ಬಿಸಿದ್ರೆ? ಅದಕ್ಕೇ ಆ ಗೋರಿ ಮೇಲೆ ಗಾರೆ ಹಾಕಿ, ಮೇಲೊಂದು ಕಲ್ಲು ಕೂರಿಸ್ತೀವಿ. ಇದನ್ನ ಯಾವ ಕಾಲಕ್ಕೂ ತೆರೆಯೋ ಹಾಗಿಲ್ಲ ಅಂತ ಕೆತ್ತಿಸ್ತೀವಿ. ಖರ್ಚು ನಂದು."

ಸಾಕಣ್ಣ ಬಾಯಿ ತೆರೆದ. ಹೇಳುವುದಾದರೂ ಏನನ್ನು? ಅಲ್ಲಿ ಯಾರೂ ಇಲ್ಲ ಎಂದರೆ, ಹೆಂಡತಿಯ ಹೆಣ ಮನೆಯಲ್ಲಿಟ್ಟುಕೊಂಡು ಇಲ್ಲದ ಅನಾಥನ ಹೆಸರಿನಲ್ಲಿ ಅವಳಿಗೆ ಜಾಗ ತಪ್ಪಿಸಿದೆ ಎಂದು ಒಪ್ಪಿಕೊಂಡಂತೆ. ಸಾಯುವಾಗ ಮೌಲವಿಗಳ ಕಿವಿಯಲ್ಲಿ ಹೇಳುವ ಹಳೆಯ ಲೆಕ್ಕವೂ ಅಷ್ಟಕ್ಕೇ ಮುಗಿದಿತ್ತು. ಆ ಮುದುಕರ ಒದ್ದೆ ಗಡ್ಡ ನೆನಪಾಯಿತು. ಜಾಗ ಬೇಕು, ಜನರ ಕಣ್ಣಲ್ಲಿ ಕಂಡ ಆ ಮರ್ಯಾದೆಯೂ ಬೇಕು. ಎರಡರಲ್ಲಿ ಒಂದನ್ನು ಬಿಡು ಎಂದರೆ ಅವನ ಕೈ ಯಾವುದನ್ನೂ ಬಿಡಲಿಲ್ಲ. "ಆಗಲಿ ಯಜಮಾನ್ರೇ" ಎಂದುಬಿಟ್ಟ.

ಗಾರೆಯವನು ಬಂದ ದಿನ ಸುಮಾರು ಜನ ಸೇರಿದ್ದರು. ಅವತ್ತು ತಂಗಿಯೂ ಬಂದಿದ್ದಳು, ಸೆರಗನ್ನು ತಲೆಗೆ ಬಿಗಿಯಾಗಿ ಎಳೆದುಕೊಂಡು, ಕಾಲುದಾರಿಯ ಆಚೆ ನಿಂತಿದ್ದಳು. ಕಬ್ಬಿಣದ ಸರಳು ಹೆಣೆದು, ಜಲ್ಲಿ ಸುರಿದು, ಗಾರೆಯವನು ಕರಣೆ ಆಡಿಸತೊಡಗಿದ. ಅಧ್ಯಕ್ಷರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಇನ್ನೊಂದು ವಿಷಯ. ನಮ್ಮ ಸಾಕಣ್ಣನಿಗೆ ಅವನ ಹೆಂಡತಿ ಪಕ್ಕದ ಜಾಗವನ್ನ ಕಮಿಟಿ ಕಾದಿರಿಸುತ್ತೆ. ಗಂಡ ಹೆಂಡ್ತಿ ಒಟ್ಟಿಗಿರ್ಲಿ."

"ಆ ಜಾಗ ನಂಗೆ ಬೇಕು" ಎಂದಳು ತಂಗಿ.

ಜನ ತಿರುಗಿದರು. ಅವಳ ದನಿ ನಡುಗಲಿಲ್ಲ. "ನಂಗ್ಯಾರಿದ್ದಾರೆ ಯಜಮಾನ್ರೇ? ಗಂಡನ ಮಣ್ಣು ಎಲ್ಲೋ ದೂರದ ಊರಲ್ಲಿದೆ. ಅಕ್ಕನ ಪಕ್ಕ ನಾನು ಮಲಗ್ತೀನಿ. ಭಾವ ಬೇಡ ಅನ್ನಲ್ಲ. ಯಾರೋ ಅನಾಥನಿಗೇ ಬಿಟ್ಟುಕೊಟ್ಟೋರು, ನಂಗೆ ಬಿಟ್ಟುಕೊಡಲ್ವಾ? ಕೇಳಿ ನೋಡಿ."

ಅಧ್ಯಕ್ಷರು ಸಾಕಣ್ಣನ ಮುಖ ನೋಡಿದರು, ಮೌಲವಿಗಳು ನೋಡಿದರು, ಸೇರಿದವರೆಲ್ಲ ನೋಡಿದರು. ಅವನು ಆಗಲಿ ಎಂದು ತಲೆಯಾಡಿಸಿದ. ಜನರ ಬಾಯಿಂದ ಮೆಚ್ಚುಗೆಯ ಒಂದು ಉದ್ಗಾರ ಹೊರಟಿತು.

ಎಲ್ಲರೂ ಕರಗಿದ ಮೇಲೆ ಅವನು ಗೇಟಿನ ಹತ್ತಿರ ಅವಳನ್ನು ತಡೆದ. "ಅವಳ ಪಕ್ಕವೂ ಬೇಡ ಅಂದ್ರೆ ನಾನೆಲ್ಲಿ ಹೋಗ್ಲಮ್ಮ?"

"ಅಕ್ಕ ಎಲ್ಲ ಹೇಳಿದ್ಲು ಭಾವ. ಸಾಯೋಕೆ ಎರಡು ದಿನ ಮೊದಲು ಹೇಳಿದ್ಲು, ಎಷ್ಟು ಹಿಗ್ಗಿನಿಂದ ಹೇಳಿದ್ಲು ಗೊತ್ತಾ? ನಿನ್ನ ಭಾವ ಬಾಯಲ್ಲಿ ಏನೂ ಆಡಲ್ಲ, ಆದ್ರೆ ನನಗೋಸ್ಕರ ಇಪ್ಪತ್ತನಾಲ್ಕು ವರ್ಷ ಆ ನೆಲ ಕಾದ್ರು ಅಂದ್ಲು." ಅವಳ ದನಿ ಈಗ ಒಡೆಯಿತು. "ಬೀದೀಲಿ ನಿಂತು ಕೂಗಿ ಹೇಳ್ಬೇಕು ಅಂತಿದ್ದೆ. ಆದ್ರೆ ಆ ಮಣ್ಣು ಅಕ್ಕಾನೂ ಹೊತ್ತಿದ್ಲಲ್ಲ. ಜನ ಅವಳನ್ನೂ ಸುಳ್ಳಿ ಅಂತಾರೆ. ಅದಕ್ಕೆ ಸುಮ್ಮನಿದೀನಿ. ನಿಮ್ಮ ಮುಖ ನೋಡಿ ಅಲ್ಲ."

"ತಪ್ಪಾಯ್ತು."

"ಅದನ್ನ ಅವಳಿಗೆ ಹೇಳ್ಕೊಳ್ಳಿ, ಚರಂಡಿ ಹತ್ರ ಹೋಗಿ. ಕೇಳಿಸಿದ್ರೆ ಕೇಳಿಸ್ಕೊಳ್ತಾಳೆ" ಎಂದು ಅವಳು ಗೇಟು ದಾಟಿದಳು.

ಅವನು ಹೋಗಲಿಲ್ಲ. ಗಾರೆಯವನು ಹೊರಡುವಾಗ, ಏಳು ದಿನ ಬಿಡದೆ ನೀರು ಹಾಕಬೇಕು, ಒಣಗಿದರೆ ಬಿರುಕು ಬಿಡುತ್ತದೆ ಎಂದು ಹೇಳಿ ಹೋಗಿದ್ದ. ನೀರು ಹಾಕುವ ಕೆಲಸ ಬೇರೆ ಯಾರದ್ದು? ಸಾಕಣ್ಣ ಏಳು ದಿನವೂ ಬೆಳಿಗ್ಗೆ ನಾಲ್ಕು ಕೊಡ, ಸಂಜೆ ನಾಲ್ಕು ಕೊಡ ಹೊತ್ತು ಸುರಿದ. ಹೋಗಿ ಬರುವವರು ನಿಂತು, ನೋಡಿ ಎಷ್ಟು ಶ್ರದ್ಧೆ ಎಂದರು. ಎಂಟನೆಯ ದಿನ ಯಾರೂ ಇಲ್ಲದಾಗ ಮಂಡಿಯೂರಿ ಕೂತು, ಸಲಿಕೆಯ ಹಿಡಿಯಿಂದ ಗಾರೆಯ ಮೇಲೆ ಕುಟ್ಟಿ ನೋಡಿದ. ಎಲ್ಲೂ ಒಂದು ಬಿರುಕಿರಲಿಲ್ಲ. ಚೆನ್ನಾಗಿ ಗಟ್ಟಿಯಾಗಿತ್ತು.